ಕಾಫಿ ಕಣದಲ್ಲಿ ಲ್ಯಾಟಿನ್

ವಿರಾಜಪೇಟೆಯ ಸಮೀಪ ಬೆಳೆಗಾರ ಮಿತ್ರರೊಬ್ಬರ ಕಣದ ಅಂಚಿನಲ್ಲಿ ಕುಳಿತು ಬೆಲ್ಲದ ಕಾಫಿ ಕುಡಿಯುತ್ತಿದ್ದಾಗ, ಮಕ್ಕಳ ಓದುಬರಹ ಸುಧಾರಿಸಲೆಂದು ಇಂಗ್ಲೆಂಡಿನ ಕೆಲವು ಪ್ರಾಥಮಿಕ ಶಾಲೆಗಳಲ್ಲಿ ಲ್ಯಾಟಿನ್ ಕಲಿಸುತ್ತಾರೆಂಬ ಸಂಗತಿಯನ್ನು ನಿವೃತ್ತ ಮೇಷ್ಟ್ರು ಎತ್ತಿದರು.

"ಮನೆಮಾತಾಗಿ ಆಡುವವರೇ ಇಲ್ಲದ ಭಾಷೆಯನ್ನು ಕಲಿತು ಮಗು ಯಾರೊಡನೆ ಜಗಳವಾಡಬೇಕು?" ಎಂದರು ಬೆಳೆಗಾರರು.

"ಜಗಳಕ್ಕಲ್ಲ, ಪದಸಂಪತ್ತಿಗೆ. ಸ್ಕ್ರಿಬೆರೆ ಎಂದರೆ ಬರೆಯುವುದು. ಅದೊಂದು ತಿಳಿದರೆ ಸ್ಕ್ರಿಪ್ಟ್, ಡಿಸ್ಕ್ರೈಬ್, ಪ್ರಿಸ್ಕ್ರಿಪ್ಷನ್ ಎಲ್ಲದರ ಹೊಟ್ಟೆಯಲ್ಲೂ ಬರವಣಿಗೆ ಕಾಣುತ್ತದೆ."

"ಡಾಕ್ಟರ ಚೀಟಿಯಲ್ಲಿ ಬರವಣಿಗೆ ಕಂಡವರನ್ನು ನಾನಿನ್ನೂ ನೋಡಿಲ್ಲ."

ನಮ್ಮಲ್ಲಿ ಹಿರಿಯರಾದ ಕ್ರೈಸ್ತ ಗೆಳೆಯರು ಗಂಟಲು ಸರಿಪಡಿಸಿಕೊಂಡರು. "ನಾನು ಆರನೆಯ ವಯಸ್ಸಿಗೇ ಲ್ಯಾಟಿನ್ ಪಂಡಿತ. ಬಲಿಪೂಜೆಯಲ್ಲಿ ಗುರುಗಳು 'ದೋಮಿನುಸ್ ವೋಬಿಸ್ಕುಮ್' ಎಂದರೆ ನಾವು 'ಎತ್ ಕುಮ್ ಸ್ಪಿರಿತು ತುವೊ' ಎಂದು ಕೂಗುತ್ತಿದ್ದೆವು. ಅರ್ಥ ಕೇಳಿದರೆ ಅಜ್ಜಿ ಕಿವಿ ಹಿಂಡುತ್ತಿದ್ದಳು. 1960ರ ದಶಕದಲ್ಲಿ ಪೂಜೆ ಜನರ ಭಾಷೆಗೆ ಇಳಿದ ಮೇಲಷ್ಟೇ, ಇಷ್ಟು ವರ್ಷ ಗುರುಗಳ ಆತ್ಮದ ಕ್ಷೇಮವನ್ನು ನಾನೇ ವಿಚಾರಿಸಿಕೊಳ್ಳುತ್ತಿದ್ದೆನೆಂದು ಗೊತ್ತಾಯಿತು. ಇಂಗ್ಲಿಷಿನಲ್ಲಿ ಮಾತ್ರ ಫೇಲು."

ಮೇಷ್ಟ್ರು ಜಗ್ಗಲಿಲ್ಲ. ಲ್ಯಾಟಿನ್ನಿನ ಸೊಗಸು ವಿಭಕ್ತಿಯಲ್ಲಿದೆ, 'ಪುಯೆರ್' ಹುಡುಗನಾದರೆ 'ಪುಯೆರುಮ್' ಹುಡುಗನನ್ನು, ಹೀಗಾಗಿ ವಾಕ್ಯವನ್ನು ಹೇಗೆ ತಿರುಗಿಸಿದರೂ ಕಚ್ಚುವುದು ನಾಯಿಯೇ, ಇಂಗ್ಲಿಷಿನಲ್ಲಾದರೋ ಪದ ಅದಲುಬದಲಾದರೆ ಹುಡುಗನೇ ನಾಯಿಯನ್ನು ಕಚ್ಚಿಬಿಡುತ್ತಾನೆ ಎಂದು ವಿವರಿಸಿದರು. "ಹುಡುಗನನ್ನು ನಾಯಿ ಕಚ್ಚಿತು ಎಂದರೂ, ನಾಯಿ ಹುಡುಗನನ್ನು ಕಚ್ಚಿತು ಎಂದರೂ ನಮ್ಮಲ್ಲಿ ಚುಚ್ಚುಮದ್ದು ಹುಡುಗನಿಗೇ ಅಲ್ಲವೇ?" ಎಂದೆ ನಾನು. ವಿಭಕ್ತಿ ಪ್ರತ್ಯಯಗಳನ್ನು ನಮಗೆ ಬೆತ್ತದ ಸಮೇತ ಬಾಯಿಪಾಠ ಮಾಡಿಸಿದವರು ಅವರೇ ಆದ್ದರಿಂದ, ಸ್ವಲ್ಪ ಹೊತ್ತು ಕಾಫಿ ಲೋಟವನ್ನೇ ನೋಡಿದರು.

ಜರ್ಮನಿಯ ವಿದ್ಯಾರ್ಥಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನೂ ನಾನು ನೆನಪಿಸಿದೆ: ಸ್ಪ್ಯಾನಿಷ್ ಕಲಿಯುವಾಗ, ಹಿಂದೆ ಲ್ಯಾಟಿನ್ ಓದಿದ್ದವರಿಗಿಂತ ಫ್ರೆಂಚ್ ಓದಿದ್ದವರೇ ವ್ಯಾಕರಣದಲ್ಲಿ ಕಡಿಮೆ ತಪ್ಪು ಮಾಡಿದ್ದರು.

"ಕರೆಯುವ ಹಸುವಿದ್ದಾಗ ಹಸುವಿನ ಚಿತ್ರಪಟ ಏಕೆ?" ಎಂದರು ಬೆಳೆಗಾರರು.

"ಚಿತ್ರಪಟವೋ? ನಿಮ್ಮ ಕಣದಲ್ಲಿ ಒಣಗುತ್ತಿರುವುದೇ ಲ್ಯಾಟಿನ್! ರೋಬುರ್ ಎಂದರೆ ಓಕ್ ಮರ. ಅದರಿಂದ ರೊಬಸ್ಟಾ, ಓಕಿನಷ್ಟು ಗಟ್ಟಿ."

"ಗಟ್ಟಿಯಾದದ್ದು ಮಳೆಗೆ ಉದುರುವುದೇಕೆ ಸ್ವಾಮಿ?"

ಅಷ್ಟರಲ್ಲಿ ಬೆಳೆಗಾರರ ಮೊಮ್ಮಗಳು, ಮೂರನೆಯ ತರಗತಿಯವಳು, ಪುಸ್ತಕ ಹಿಡಿದು ಬಂದು ವೆಡ್ನೆಸ್‌ಡೇ ಪದದ ಸ್ಪೆಲ್ಲಿಂಗ್ ಕೇಳಿದಳು. ಮೇಷ್ಟ್ರ ಮುಖ ಅರಳಿತು. ಲ್ಯಾಟಿನ್ನಿನಲ್ಲಿ ಅದು ಮರ್ಕ್ಯುರಿಯ ದಿನ, ಎಂದರೆ ಸಾಕ್ಷಾತ್ ನಮ್ಮ ಬುಧವಾರ, ಇಂಗ್ಲಿಷಿನವರು ಮಾತ್ರ ಆ ಜಾಗದಲ್ಲಿ ತಮ್ಮ ಹಳೆಯ ವೋಡನ್ ದೇವರನ್ನು ಕೂರಿಸಿಕೊಂಡಿದ್ದಾರೆ ಎಂದು ರೋಮಿನಿಂದ ಮಡಿಕೇರಿಯವರೆಗೆ ಗ್ರಹಗತಿ ಬಿಡಿಸಿದರು.

ಹುಡುಗಿ ತಾಳ್ಮೆಯಿಂದ ಎಲ್ಲವನ್ನೂ ಕೇಳಿದಳು.

"ಅದೆಲ್ಲ ಸರಿ ಮೇಷ್ಟ್ರಜ್ಜ, ಡಿ ಎಲ್ಲಿ ಬರುತ್ತದೆ?"