ಕಾರಿನ ಹೆಡ್‌ಲೈಟ್ ಮಿಣುಕುತ್ತಿದೆಯಾ? ವೈರಿಂಗ್ ಮೇಸ್ತ್ರಿಯನ್ನು ಕೇಳಿ

ವೈರಿಂಗ್ ಮೇಸ್ತ್ರಿ: ಹೆಡ್‌ಲೈಟ್ ಬಗ್ಗೆ ಏನಿದ್ದರೂ ಇವತ್ತು ಕೇಳಿ. ಮೊದಲು ಇಷ್ಟು ನೋಡಿಕೊಂಡು ಬನ್ನಿ: ಮಿಣುಕುವುದು ಒಂದೇ ದೀಪವೋ ಎರಡೂವೋ? ಬಲ್ಬ್ ಹ್ಯಾಲೊಜೆನ್ನೋ ಎಲ್‌ಇಡಿಯೋ?

ಸ್ಟೆಪ್ನಿ: ನಮಸ್ಕಾರ ಸರ್. ಹ್ಯಾಲೊಜೆನ್. ಎಡಗಡೆಯದು ಮಾತ್ರ. ಗುಂಡಿಗೆ ಇಳಿದಾಗೆಲ್ಲ ಮಿಣುಕುತ್ತದೆ. ಆಲ್ಟರ್ನೇಟರ್ ಹೋಗಿದೆ ಅಂತ ಹೇಳಿದರು.

ವೈರಿಂಗ್ ಮೇಸ್ತ್ರಿ: ನಮಸ್ಕಾರ. ಆಲ್ಟರ್ನೇಟರ್ ಅಂದರೆ ಇಡೀ ಗಾಡಿಗೆ ಕರೆಂಟ್ ಹುಟ್ಟಿಸುವ ಯಂತ್ರ. ಅದು ಹೋದರೆ ಎಡಗಣ್ಣಿಗೊಂದು ನ್ಯಾಯ, ಬಲಗಣ್ಣಿಗೊಂದು ನ್ಯಾಯ ಇರುವುದಿಲ್ಲ. ಎರಡೂ ಮಿಣುಕುತ್ತವೆ. ಲೈಟ್ ಹಾಕಿ, ಬಲ್ಬಿನ ಹಿಂದಿನ ಕಪ್ಲರನ್ನು (ವೈರ್ ಸೇರುವ ಪ್ಲಗ್) ಮೆಲ್ಲಗೆ ಅಲ್ಲಾಡಿಸಿ. ಮಿಣುಕಿದರೆ ಕಳ್ಳ ಅಲ್ಲೇ ಇದ್ದಾನೆ. ಇಲ್ಲದಿದ್ದರೆ ಆ ದೀಪದ ಅರ್ಥ್ ವೈರ್ ಬಾಡಿಗೆ ಸೇರುವ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಬಲ್ಬ್ ತೆಗೆಯುವುದಾದರೆ ಆರಿಸಿ, ತಣ್ಣಗಾಗಲು ಬಿಡಿ. ಗಾಜಿಗೆ ಬೆರಳು ತಾಗಿಸಬೇಡಿ, ಕೈ ಜಿಡ್ಡು ಹತ್ತಿದರೆ ಬೇಗ ಸಾಯುತ್ತದೆ.

ಬಿಳಿ ಬೆಳಕು: ಸರ್, ಎಲ್‌ಇಡಿ ಹಾಕಿದ ದಿನದಿಂದ ಎರಡೂ ಮಿಣುಕುತ್ತಿವೆ. ಹಳೇ ಬಲ್ಬ್ ಹಾಕಿದರೆ ಸರಿ ಇರುತ್ತದೆ.

ವೈರಿಂಗ್ ಮೇಸ್ತ್ರಿ: ಹಲವು ಗಾಡಿಗಳಲ್ಲಿ ಕಂಪ್ಯೂಟರ್ ದೀಪಕ್ಕೆ ಕರೆಂಟನ್ನು ತುಂಡು ತುಂಡಾಗಿ ಕಳಿಸುತ್ತದೆ. ಹ್ಯಾಲೊಜೆನ್ ತಂತಿ ಕಾದಿರುತ್ತದೆ, ಆ ಸಂದಿನಲ್ಲಿ ಆರುವುದಿಲ್ಲ. ಎಲ್‌ಇಡಿ ತಕ್ಷಣ ಆರುತ್ತದೆ. ಆ ತುಂಡು ಕರೆಂಟನ್ನು ಸಮ ಮಾಡುವ, ನಿಮ್ಮ ಗಾಡಿಗೆ ಹೊಂದುವ ಕ್ಯಾನ್‌ಬಸ್ ಡಿಕೋಡರ್ ಹಾಕಿಸಿ. ಇಲ್ಲವಾದರೆ ಹಳೇ ಬಲ್ಬೇ ಇರಲಿ.

ಸ್ಟೆಪ್ನಿ: ಹಳೇ ಬಲ್ಬೇ ಹಾಕಿ ಪುಣ್ಯ ಕಟ್ಟಿಕೊಳ್ಳಿ. ಎದುರು ಬರುವವರಿಗೆ ಕಣ್ಣು ಕಾಣಲ್ಲ.

ಬಿಳಿ ಬೆಳಕು: ನನಗೆ ರಸ್ತೆ ಕಾಣಬೇಕು ಅಲ್ವಾ?

ಸ್ಟೆಪ್ನಿ: ನಿಮಗೊಬ್ಬರಿಗೇ ಕಂಡರೆ ಸಾಕಾ?

ಹಳೇ ಗಾಡಿ: ಮೇಸ್ತ್ರಿಗಳೇ, 15-20 ನಿಮಿಷ ಓಡಿಸಿದ ಮೇಲೆ ನನ್ನ ಎರಡೂ ದೀಪ ಪಟಪಟ ಮಿಣುಕುತ್ತವೆ. ಆಮೇಲೆ 2 ಸೆಕೆಂಡ್ ಪೂರ್ತಿ ಆರಿ, ತಾವಾಗೇ ಹತ್ತುತ್ತವೆ. ಸ್ಟಿಯರಿಂಗ್ ಹತ್ತಿರ ಏನೋ ವಾಸನೆ ಬರುತ್ತದೆ, ಅದಿರಲಿ. ಬ್ಯಾಟರಿ ಬದಲಿಸಲಾ?

ವೈರಿಂಗ್ ಮೇಸ್ತ್ರಿ: ಅದಿರಲಿ ಅನ್ನಬೇಡಿ. ಅದೇ ಮುಖ್ಯ. ಬಲ್ಬ್ ಎಷ್ಟು ವ್ಯಾಟ್? ಫ್ಯೂಸ್ ಎಷ್ಟು ಆಂಪಿಯರ್? ಬೇಗ ಹೇಳಿ.

ಎರಡನೇ ಗೇರ್: ನನಗೆ ಬಂದ ಮೆಸೇಜ್, ಎಲ್ಲರಿಗೂ ಉಪಯೋಗ ಆಗಲಿ. *ಫ್ಯೂಸಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಮಿಣುಕುವುದು ನಿಲ್ಲುತ್ತದೆ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ನೋಡಿ, ಇಂಜಿನ್ ನಿಂತರೆ ಆಲ್ಟರ್ನೇಟರ್ ಕೆಟ್ಟಿದೆ.*

ವೈರಿಂಗ್ ಮೇಸ್ತ್ರಿ: ಅಳಿಸಿ. ಫಾಯಿಲ್ ಸುತ್ತಿದರೆ ಫ್ಯೂಸ್ ಇದ್ದೂ ಇಲ್ಲದಂತೆ. ಓಡುವ ಇಂಜಿನ್ನಿನಲ್ಲಿ ಬ್ಯಾಟರಿ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಕಂಪ್ಯೂಟರ್ ಸುಡಬಹುದು.

ಎರಡನೇ ಗೇರ್: ನಮ್ಮ ಮಾವ ಎಷ್ಟೋ ವರ್ಷದಿಂದ ಹಾಗೇ ಮಾಡುತ್ತಿದ್ದರು.

ವೈರಿಂಗ್ ಮೇಸ್ತ್ರಿ: ಮಾವನ ಕಾಲದ ಗಾಡಿಯಲ್ಲಿ ಕಂಪ್ಯೂಟರ್ ಇತ್ತಾ?

ಹಳೇ ಗಾಡಿ: ಬೆಳಕು ಸಾಲದು ಅಂತ 100/90 ಬಲ್ಬ್ ಹಾಕಿಸಿದ್ದೆ. ಫ್ಯೂಸ್ 15 ಇತ್ತು. ಎರಡು ಸಲ ಹೋಯಿತು. ಈಗ 30 ಹಾಕಿದ್ದೇನೆ, ಹೋಗುತ್ತಿಲ್ಲ.

ವೈರಿಂಗ್ ಮೇಸ್ತ್ರಿ: ಇವತ್ತಿನಿಂದ ರಾತ್ರಿ ಓಡಿಸಬೇಡಿ. ಯಾಕೆ ಅಂತ ಹೇಳುತ್ತೇನೆ. ಆ ವೈರಿಂಗ್ ಮಾಡಿರುವುದು 60/55 ಬಲ್ಬಿಗೆ, ಅಂದರೆ ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55. ಲೋ ಬೀಮಿನಲ್ಲಿ ಎರಡೂ ಸೇರಿ 110 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್. ಈಗ 180 ವ್ಯಾಟ್, 15 ಆಂಪಿಯರ್. ಕರೆಂಟ್ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಅನಿಸಬಹುದು. ಆದರೆ ಜಾಯಿಂಟಿನಲ್ಲಿ ಹುಟ್ಟುವ ಶಾಖ ಹೆಚ್ಚುಕಮ್ಮಿ ಮೂರು ಪಟ್ಟು. ಹಳೇ ಗಾಡಿಯಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಇಲ್ಲದಿದ್ದರೆ ಅಷ್ಟೂ ಕರೆಂಟ್ ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನೊಳಗೇ ಹೋಗುತ್ತದೆ. ಅದು ಕಾದು ಸಂಪರ್ಕ ಬಿಡುತ್ತದೆ, ತಣಿದು ಮತ್ತೆ ಹಿಡಿಯುತ್ತದೆ. ನಿಮ್ಮ 2 ಸೆಕೆಂಡ್ ಕತ್ತಲೆ ಅದೇ ಇರಬೇಕು. ವಾಸನೆ ಪ್ಲಾಸ್ಟಿಕ್ಕಿನದು. ಫ್ಯೂಸ್ ಎರಡು ಸಲ ಕೂಗಿ ಹೇಳಿತು, ನೀವು ಅದರ ಬಾಯಿ ಮುಚ್ಚಿಸಿದಿರಿ. ಈಗ ಫ್ಯೂಸಿಗಿಂತ ಮೊದಲು ವೈರ್ ಉರಿಯುತ್ತದೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಳೇ ಬಲ್ಬ್, 15ರ ಫ್ಯೂಸ್ ವಾಪಸ್ ಹಾಕಿ. ಸ್ಟಿಯರಿಂಗ್ ಕೆಳಗಿನ ಕವರ್ ಬಿಚ್ಚಿ ಸ್ವಿಚ್ಚಿನ ಕಪ್ಲರ್ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಸ್ವಿಚ್ಚೂ ಕಪ್ಲರೂ ಎರಡನ್ನೂ ಬದಲಿಸಬೇಕು. ಆಮೇಲೆ ರಿಲೇ ಹಾಕಿಸಿ: ಬ್ಯಾಟರಿಯಿಂದ ದಪ್ಪ ವೈರ್, ಬ್ಯಾಟರಿ ಹತ್ತಿರವೇ ಫ್ಯೂಸ್.

ಇನ್ನೊಂದು ಮಾತು. ನಿಮಗೆ ಬೆಳಕು ಸಾಲದೆ ಇದ್ದದ್ದು ಬಲ್ಬಿನ ತಪ್ಪಲ್ಲದೆಯೂ ಇರಬಹುದು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರುತ್ತದೆ. ಲೈಟ್ ಹಾಕಿ ಬಲ್ಬಿನ ಪಿನ್ನಲ್ಲೂ ಅಳೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ಕಮ್ಮಿ ಬಂದರೆ ವೈರ್ ನುಂಗುತ್ತಿದೆ. ಹ್ಯಾಲೊಜೆನ್ನಿಗೆ ವೋಲ್ಟೇಜ್ 10% ಇಳಿದರೆ ಬೆಳಕು 30% ಇಳಿಯುತ್ತದೆ. ರಿಲೇ ಹಾಕಿದ ಮೇಲೆ 60/55ರಲ್ಲೇ ನಿಮಗೆ ಸಾಕೆನಿಸಬಹುದು.

ಹಾರ್ನ್ ಪ್ಲೀಸ್: ನನ್ನದು ಎಡಗಡೆಯದು ಮಾತ್ರ ಮಿಣುಕುತ್ತದೆ ಸರ್. ಏನು ಮಾಡಲಿ?

ವೈರಿಂಗ್ ಮೇಸ್ತ್ರಿ: ಮೇಲೆ ಓದಿ.

ಮಳೆಗಾಲ: ಹೆಡ್‌ಲೈಟ್ ಗಾಜಿನ ಒಳಗೆ ನೀರು ನಿಂತಿದೆ. ಬಿಚ್ಚಬಹುದಾ?

ನ್ಯೂಟ್ರಲ್: ಗಾಡಿ ನಿಂತಿರುವಾಗ ಎಸಿ ಹಾಕಿದರೆ ಎರಡೂ ಮಂಕಾಗಿ ಮಿಣುಕುತ್ತವೆ. ಆಕ್ಸಿಲರೇಟರ್ ಕೊಟ್ಟರೆ ಸರಿ.

ವೈರಿಂಗ್ ಮೇಸ್ತ್ರಿ: ಬ್ಯಾಟರಿ ಟರ್ಮಿನಲ್ ಬಿಗಿ ಇದೆಯಾ, ಬೆಲ್ಟ್ ಸಡಿಲ ಇದೆಯಾ ನೋಡಿ. ಎರಡೂ ಸರಿ ಇದ್ದರೆ ಇಂಜಿನ್ ಓಡಿಸಿ, ಮೀಟರನ್ನು ಎಸಿ ವೋಲ್ಟಿಗೆ (ತಂಪಿನ ಎಸಿ ಅಲ್ಲ, ಆಲ್ಟರ್ನೇಟಿಂಗ್ ಕರೆಂಟ್) ಇಟ್ಟು ಬ್ಯಾಟರಿ ಮೇಲೆ ಅಳೆಯಿರಿ. 0.5 ದಾಟಿದರೆ, ಆ ಎಸಿಯನ್ನು ಡಿಸಿ ಮಾಡುವ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ.

ಹಾರ್ನ್ ಪ್ಲೀಸ್: ಮೇಲೆ ಅಂದರೆ ಎಲ್ಲಿ?

ಎರಡನೇ ಗೇರ್: ಗುರುಗಳಿಗೆ ಇವತ್ತು ಕೋಪ ಜಾಸ್ತಿ. ಗೊತ್ತಿದ್ದನ್ನು ಹಂಚಿಕೊಂಡರೂ ತಪ್ಪಾ?

ಸ್ಟೆಪ್ನಿ: ಗೊತ್ತಿದ್ದನ್ನು ಹಂಚಿ. ಸುಮ್ನೆ ಬಂದದ್ದನ್ನಲ್ಲ. ಅಂದಹಾಗೆ ಮೇಸ್ತ್ರಿಗಳೇ, ಅರ್ಥ್ ಬೋಲ್ಟೇ ಸಡಿಲ ಇತ್ತು. ಬಿಗಿ ಮಾಡಿದೆ, ನಿಂತಿತು.

ಮಳೆಗಾಲ: ನೀರಿನ ಬಗ್ಗೆ ಕೇಳಿದ್ದೆ.

ಹಳೇ ಗಾಡಿ: ಕವರ್ ಬಿಚ್ಚಿದೆ ಸರ್. ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿದೆ. ಟೇಪ್ ಸುತ್ತಿ ಇವತ್ತೊಂದು ರಾತ್ರಿ ಹೋಗಿಬರಬಹುದಾ?

ವೈರಿಂಗ್ ಮೇಸ್ತ್ರಿ: ಬೇಡ. ಬ್ಯಾಟರಿ ನೆಗೆಟಿವ್ ಬಿಚ್ಚಿದ್ದೀರಾ ಇಲ್ಲವಾ, ಮೊದಲು ಅದನ್ನು ಹೇಳಿ.