ಸಹಾಯ ಬೇಕು: ಪಹಣಿ ಅಜ್ಜನ ಹೆಸರಲ್ಲಿದೆ, ಭೂಸ್ವಾಧೀನದ ನೋಟಿಸ್ ಬಂದಿದೆ

ಎಲ್ಲರಿಗೂ ನಮಸ್ಕಾರ. ರಸ್ತೆಗಾಗಿ ನಮ್ಮ ಜಮೀನು ಸ್ವಾಧೀನ ಮಾಡಿಕೊಳ್ಳಲು 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಥಮಿಕ ಅಧಿಸೂಚನೆ ಆಗಿದೆ. ಆಕ್ಷೇಪಣೆ ಸಲ್ಲಿಸಲು 60 ದಿನ ಅಷ್ಟೇ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆ (ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿಲ್ಲ. ಉಳುಮೆ ಮಾಡುತ್ತಿರುವುದು ಅಪ್ಪ ಮತ್ತು ಚಿಕ್ಕಪ್ಪ. ಅಧಿಸೂಚನೆಯಲ್ಲಿ ಬರೀ ಖುಷ್ಕಿ (ಮಳೆ ನಂಬಿದ ಒಣಭೂಮಿ) ಅಂತ ಬರೆದಿದ್ದಾರೆ. ಕೊಳವೆಬಾವಿ, ಫಸಲು ಕೊಡುತ್ತಿರುವ ತೆಂಗಿನ ಮರಗಳ ಮಾತೇ ಇಲ್ಲ! ನಮಗೆ ಜಾಸ್ತಿ ಸಂಕಟ ಆಗಿರುವುದು ಇದಕ್ಕೇ. ಮರ, ಬಾವಿಗೂ ಬೆಲೆ ಕಟ್ಟಬೇಕು ಅಂತ ಕಾಯ್ದೆಯಲ್ಲೇ ಇದೆ ಅಲ್ವಾ?

ಅಧಿಸೂಚನೆ ಆದಮೇಲೆ ಜಮೀನು ಮಾರುವ ಹಾಗಿಲ್ಲ, ಅದು ಗೊತ್ತು. ಆದರೆ ಪೌತಿ ಖಾತೆ ಮಾಡಿಸಬಹುದಾ? ವಂಶವೃಕ್ಷ ಇಟ್ಟು ಅಪ್ಪ, ಚಿಕ್ಕಪ್ಪ ಒಂದೇ ಆಕ್ಷೇಪಣೆ ಕೊಟ್ಟರೆ ಸಾಕಾ, ಬೇರೆಬೇರೆ ಕೊಡಬೇಕಾ? ಮರಗಳ ಲೆಕ್ಕಕ್ಕೆ ಯಾವ ದಾಖಲೆ ಇಡಬೇಕು? ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ತಿಳಿಸಿ.