ಮಣಿಪಾಲದಲ್ಲಿ ಓದುವ ವಿದೇಶಿಯರಿಗೆ ಬಾಡಿಗೆ ಬೇರೆ, ಟಿಕೆಟ್ ಬೇರೆ: ಎಲ್ಲಿ ಕೇಳಬಹುದು?

ಪರ್ಕಳದವ:
ಎರಡು ವರ್ಷದ ಕೋರ್ಸಿಗೆ ಬರುವ ಇಬ್ಬರು ವಿದ್ಯಾರ್ಥಿನಿಯರಿಗೆ ಮಣಿಪಾಲದ ಹತ್ತಿರ ಮನೆ ಬೇಕು. ಒಬ್ಬಳು ಮಲೇಷ್ಯಾದವಳು, ಇನ್ನೊಬ್ಬಳು ಥಾಯ್ಲೆಂಡ್. "ಫಾರಿನರ್ಸ್ ಬೇಡ" ಅನ್ನುವವರೇ ಜಾಸ್ತಿ. ಒಪ್ಪಿದವರು ಬಾಡಿಗೆಯನ್ನೂ ಅಡ್ವಾನ್ಸನ್ನೂ ಏರಿಸುತ್ತಾರೆ. ಹಂಪಿಗೆ ಹೋಗುವ ಯೋಚನೆಯೂ ಉಂಟು, ಆದರೆ ಟಿಕೆಟ್ ನಮಗೆ 40 ರೂಪಾಯಿ, ಅವರಿಗೆ 600! ಇಲ್ಲೇ ವಾಸ ಇರುವವರಿಗೂ ಹೀಗೇನಾ?

ಮಲ್ಪೆ_ಗಾಳಿ:
ಮನೆ ಸಿಗದಿರುವುದಕ್ಕೆ ದೊಡ್ಡ ಕಾರಣ ಫಾರಂ ಸಿ ಮಾರಾಯ್ರೆ (2025ರ ಹೊಸ ನಿಯಮದಲ್ಲಿ ಇದರ ಹೆಸರು ಫಾರಂ III). ವಿದೇಶಿಯರು ಲಾಡ್ಜಲ್ಲಿ ಇರಲಿ, ಬಾಡಿಗೆ ಮನೆಯಲ್ಲಿ ಇರಲಿ, ಬಂದ 24 ಗಂಟೆಯೊಳಗೆ ಮಾಲೀಕರೇ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ವೆಬ್‌ಸೈಟಿನಲ್ಲಿ ವಿವರ ತುಂಬಬೇಕು. ಹೆಚ್ಚಿನವರ ಹತ್ತಿರ ಅದರ ಲಾಗಿನ್ನೇ ಇಲ್ಲ. ಪೊಲೀಸ್ ತಲೆಬಿಸಿ ಯಾಕೆ ಅಂತ ಬಾಗಿಲಲ್ಲೇ ಬೇಡ ಅಂದುಬಿಡುತ್ತಾರೆ. ಅದಕ್ಕೆ ಮೊದಲ ಮಾತಲ್ಲೇ "ಫಾರಂ ಸಿ ಮಾಡಲು ನಾವೇ ಕೂತು ಸಹಾಯ ಮಾಡ್ತೇವೆ" ಅಂತ ಹೇಳಿ. ಮಾಲೀಕರ ಹೆಸರಲ್ಲಿ ಒಮ್ಮೆ ನೋಂದಣಿ ಆದರೆ ಉಳಿದದ್ದು ಪಾಸ್‌ಪೋರ್ಟ್ ಸಂಖ್ಯೆ, ವೀಸಾ ವಿವರ, ಬಂದ ತಾರೀಕು, ಫೋಟೋ, ಅಷ್ಟೆ.

ಎಡವುವುದು ಹೆಸರಲ್ಲಿ. ಮಲಯ್ ಹೆಸರುಗಳಿಗೆ ಸರ್‌ನೇಮ್ ಇರುವುದಿಲ್ಲ, ತಂದೆಯ ಹೆಸರನ್ನು ಕತ್ತರಿಸಿ ಆ ಜಾಗಕ್ಕೆ ಹಾಕಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ. ಫಾರಂ ಸಿಯ ಪ್ರಿಂಟ್ ತೆಗೆದಿಡಿ. 180 ದಿನ ಮೀರಿದ ಸ್ಟೂಡೆಂಟ್ ವೀಸಾ ಇದ್ದರೆ ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒದಲ್ಲಿ ವಿದ್ಯಾರ್ಥಿಯೂ ನೋಂದಾಯಿಸಬೇಕು. ಅಲ್ಲಿ ಈ ಪ್ರಿಂಟ್, ಇಲ್ಲಿ ಓದುತ್ತಿದ್ದಾರೆ ಅನ್ನುವ ಕಾಲೇಜಿನ ಬೋನಫೈಡ್ ಪತ್ರ, ಬಾಡಿಗೆ ಕರಾರು ಎಲ್ಲ ಕೇಳುತ್ತಾರೆ. ಕರಾರಿನಲ್ಲಿ ಒಂದು ಡೋರ್ ನಂಬರ್, ಫಾರಂ ಸಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ವಾಪಸ್ ಬರಬಹುದು. ಮನೆ ಬದಲಿಸಿದರೆ ಹೊಸ ಮಾಲೀಕರಿಂದ ಹೊಸ ಫಾರಂ ಸಿ, ವಿಳಾಸ ಬದಲಾವಣೆಯ ಅರ್ಜಿ ಬೇರೆ.

ಬಾಡಿಗೆಯ ವಿಷಯ ಬೇರೆ. ಮಾಲೀಕರು ಹೇಳಿದ್ದೇ ದರ, ದೂರು ಕೊಡುವ ಜಾಗ ಇಲ್ಲ. ತುಳು ಬಲ್ಲವರು ಯಾರಾದರೂ ಮೊದಲು ಫೋನ್ ಮಾಡಿ ಬಾಡಿಗೆ, ಅಡ್ವಾನ್ಸ್ ಕೇಳಿಕೊಳ್ಳಲಿ. ಯಾರಿಗೆ ಮನೆ ಅಂತ ಆಮೇಲೆ ಹೇಳಿ. 11 ತಿಂಗಳ ಕರಾರಿನಲ್ಲೇ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಅಂತ ಬರೆಸಿ. ಇದನ್ನು ಬಾಯಿಮಾತಿಗೆ ಬಿಟ್ಟರೆ ಕೋರ್ಸ್ ಮುಗಿಸಿ ವಿಮಾನ ಹತ್ತುವ ವಾರದಲ್ಲಿ ಜಗಳ ಗ್ಯಾರಂಟಿ.

ಕಲ್ಲುಕೆತ್ತನೆ:
ಟಿಕೆಟಿನ ಬಗ್ಗೆ. ಪುರಾತತ್ವ ಇಲಾಖೆ ನೋಡುವುದು ಪೌರತ್ವ, ವಾಸ ಅಲ್ಲ. ಸಾರ್ಕ್ (ದಕ್ಷಿಣ ಏಷ್ಯಾದ ಕೂಟ) ಮತ್ತು ಬಿಮ್‌ಸ್ಟೆಕ್ (ಬಂಗಾಳ ಕೊಲ್ಲಿ ಸುತ್ತಲಿನ ದೇಶಗಳ ಕೂಟ) ದೇಶದವರಿಗೆ ಭಾರತೀಯರದ್ದೇ ದರ. ಥಾಯ್ಲೆಂಡ್ ಬಿಮ್‌ಸ್ಟೆಕ್‌ನಲ್ಲಿ ಇದೆ, ಮಲೇಷ್ಯಾ ಎರಡರಲ್ಲೂ ಇಲ್ಲ. ಹಾಗಾಗಿ ಒಂದೇ ಮನೆಯ ಇಬ್ಬರಲ್ಲಿ ಒಬ್ಬಳಿಗೆ 40, ಇನ್ನೊಬ್ಬಳಿಗೆ 600. ವಿಚಿತ್ರವೇ, ಆದರೆ ಕೌಂಟರಿನವನ ಹತ್ತಿರ ವಾದಿಸಿ ಫಲ ಇಲ್ಲ. 182 ದಿನ ವಾಸವಾದ ಮೇಲೆ ಮಾಡಿಸಿದ ಆಧಾರ್ ತೋರಿಸುವವರೂ ಇದ್ದಾರೆ, ಅದು ಪೌರತ್ವದ ದಾಖಲೆ ಅಲ್ಲ. ಥಾಯ್ ಹುಡುಗಿ ಮೂಲ ಪಾಸ್‌ಪೋರ್ಟ್ ಇಟ್ಟುಕೊಳ್ಳಲಿ.

ಆನ್‌ಲೈನಲ್ಲಿ ತೆಗೆದರೆ 600ರದ್ದು 550. ವಿಜಯ ವಿಠಲ ದೇವಸ್ಥಾನ, ಕಮಲ ಮಹಲಿನ ಆವರಣ, ಕಮಲಾಪುರದ ಮ್ಯೂಸಿಯಂ, ಮೂರಕ್ಕೂ ಒಂದೇ ಟಿಕೆಟ್, ಆದರೆ ಅದೇ ದಿನಕ್ಕೆ ಮಾತ್ರ. ಎರಡು ದಿನಕ್ಕೆ ಹಂಚಿದರೆ ಇನ್ನೊಂದು 600. ಬಾದಾಮಿ, ಚಿತ್ರದುರ್ಗ ಕೋಟೆ 25 ಮತ್ತು 300. ಬೇಲೂರು, ಹಳೇಬೀಡಿನ ದೇವಸ್ಥಾನಗಳಿಗೆ ಪ್ರವೇಶ ಟಿಕೆಟ್ಟೇ ಇಲ್ಲ, ಮಲೇಷ್ಯಾದವಳಿಗೆ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.

ಪರ್ಕಳದವ:
ಉಪಕಾರ. ಒಸಿಐ ಕಾರ್ಡ್ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವುದು) ಇರುವ ನೆಂಟರಿಗೆ?

ಕಲ್ಲುಕೆತ್ತನೆ:
2021ರ ಮಾರ್ಚ್ ಅಧಿಸೂಚನೆ ಪ್ರಕಾರ ಸ್ಮಾರಕ, ಮ್ಯೂಸಿಯಂ, ರಾಷ್ಟ್ರೀಯ ಉದ್ಯಾನಗಳಲ್ಲಿ ಭಾರತೀಯರದ್ದೇ ದರ. ಟಿಕೆಟ್ ಕೇಳುವ ಮೊದಲೇ ಕಾರ್ಡ್ ಮುಂದಿಡಿ. ವಿದೇಶಿ ಪಾಸ್‌ಪೋರ್ಟ್ ಕಂಡರೆ 600ರ ಟಿಕೆಟ್ಟೇ ಹರಿದುಕೊಡುತ್ತಾರೆ.